ಕೊಕೇನ್, ಮೆಥ್ ಚಟಕ್ಕೆ ಟಿಎಂಎಸ್ ಚಿಕಿತ್ಸೆ: ಪುರಾವೆ ಎಷ್ಟಿದೆ?

ಹೊಳೆದಂಡೆ:

ನಮಸ್ಕಾರ. ನನ್ನ ಅಕ್ಕನ ಮಗನ ವಿಷಯದಲ್ಲಿ ತಿಳಿದವರ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಾರಾಂತ್ಯದ ಪಾರ್ಟಿಗಳಲ್ಲಿ ಶುರುವಾದ ಮೆಥ್ (ಮೆಥಾಂಫೆಟಮಿನ್ ಎಂಬ ಉತ್ತೇಜಕ ಮಾದಕ ವಸ್ತು) ಸೇವನೆ ಕೆಲಸದ ದಿನಗಳಿಗೂ ಹಬ್ಬಿ, ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದು ಆಮೇಲೆ ಹಗಲೆಲ್ಲ ಎಚ್ಚರವಿಲ್ಲದಂತೆ ಮಲಗುವ ಸ್ಥಿತಿಗೆ ಬಂದ ಮೇಲೆ ಮನೆಯವರಿಗೆ ಗೊತ್ತಾಯಿತು. ಅವನೇ ಒಪ್ಪಿ ಚಿಕಿತ್ಸೆಗೆ ಬಂದಿದ್ದಾನೆ ಎಂಬುದೊಂದೇ ಸಮಾಧಾನ.

ಅವನನ್ನು ತೋರಿಸಿದ ಖಾಸಗಿ ಕ್ಲಿನಿಕ್ಕಿನಲ್ಲಿ ಟಿಎಂಎಸ್ ಎಂಬ ಚಿಕಿತ್ಸೆಯ ಪ್ಯಾಕೇಜ್ ಸೂಚಿಸಿದ್ದಾರೆ. ತಲೆಯ ಮೇಲೆ ಕಾಂತದ ಸುರುಳಿ ಇಟ್ಟು ಮಿದುಳನ್ನು ಚುರುಕುಗೊಳಿಸಿದರೆ ಸೇವಿಸಬೇಕೆಂಬ ತುಡಿತ ತಾನಾಗಿಯೇ ಇಳಿಯುತ್ತದೆ, ಮಾತ್ರೆಯೂ ಬೇಡ, ದಾಖಲಾಗುವುದೂ ಬೇಡ ಎಂದು ಹೇಳಿದ್ದಾರೆ. ಖರ್ಚು ಲಕ್ಷ ದಾಟುತ್ತದೆ. ಅಕ್ಕ ಒಡವೆ ಅಡವಿಡಲು ಸಿದ್ಧಳಾಗಿದ್ದಾಳೆ. ಭಾವನವರು ಇದು ಕರೆಂಟ್ ಶಾಕ್ ಕೊಡುವುದೇ ಇರಬೇಕೆಂದು ಹೆದರಿ ಬೇಡ ಎನ್ನುತ್ತಿದ್ದಾರೆ. ಈ ಚಿಕಿತ್ಸೆ ನಿಜವಾಗಿ ಏನು, ಇದರಿಂದ ಮೆಥ್ ಬಿಟ್ಟವರು ಇದ್ದಾರೆಯೇ, ಅಪಾಯವೇನು ಎಂಬುದನ್ನು ದಯವಿಟ್ಟು ತಿಳಿಸಿ.

ಕರಾವಳಿ ವೈದ್ಯೆ:

ನಾನು ಮನೋವೈದ್ಯೆ. ಹುಡುಗನನ್ನು ನೋಡದೆ ಅವನಿಗೆ ಇಂಥದೇ ಚಿಕಿತ್ಸೆ ಬೇಕು ಅಥವಾ ಬೇಡ ಎಂದು ಹೇಳಲಾಗದು. ಚಿಕಿತ್ಸೆ ಏನೆಂಬುದನ್ನು ಮಾತ್ರ ವಿವರಿಸುತ್ತೇನೆ.

ಮೊದಲು ನಿಮ್ಮ ಭಾವನವರ ಭಯದ ಬಗ್ಗೆ. ಶಾಕ್ ಎಂದು ಜನ ಕರೆಯುವ ಇಸಿಟಿಯಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಮಿದುಳಿನಲ್ಲಿ ಉದ್ದೇಶಪೂರ್ವಕವಾಗಿ ಒಂದು ಸಣ್ಣ ಮೂರ್ಛೆಯನ್ನು ಉಂಟುಮಾಡುತ್ತಾರೆ. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುವ ಚಿಕಿತ್ಸೆ. ಆದರೆ ಟಿಎಂಎಸ್ ಅದಲ್ಲ. ಇಲ್ಲಿ ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಾನೆ, ಮುಗಿದ ಮೇಲೆ ಎದ್ದು ಮನೆಗೆ ಹೋಗುತ್ತಾನೆ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದ ಉಪಾಯ ಇದರ ಮೂಲ. ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಬಲವಾದ ವಿದ್ಯುತ್ ಹರಿಸಿದರೆ ಅದರ ಸುತ್ತ ಒಂದೂವರೆಯಿಂದ ಎರಡು ಟೆಸ್ಲಾದಷ್ಟು ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಬುರುಡೆಯ ಮೂಳೆಯನ್ನು ಅಡ್ಡಿಯಿಲ್ಲದೆ ದಾಟಿ, ಕೆಳಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಪ್ರೇರೇಪಿಸುತ್ತದೆ. ಎಂಟರ ಆಕಾರದ ಸಾಮಾನ್ಯ ಸುರುಳಿಯ ಪ್ರಭಾವ ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಮಾತ್ರ.

ಮೊದಲ ದಿನ ಮಾಡುವ ಕೆಲಸವೆಂದರೆ ಪ್ರಮಾಣ ಗೊತ್ತುಮಾಡುವುದು. ಕೈಯ ಚಲನೆಯನ್ನು ನಿಯಂತ್ರಿಸುವ ಭಾಗದ ಮೇಲೆ ಸುರುಳಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಂದೊಂದೇ ಮಿಡಿತ ಕೊಡುತ್ತಾರೆ. ಒಂದು ಜಾಗದಲ್ಲಿ, ರೋಗಿಯ ಇಚ್ಛೆಯಿಲ್ಲದೆಯೇ, ಎದುರು ಬದಿಯ ಕೈಯ ಹೆಬ್ಬೆರಳು ಪಟ್ಟನೆ ಅದುರುತ್ತದೆ. ಹತ್ತು ಮಿಡಿತಗಳಲ್ಲಿ ಐದಕ್ಕೆ ಅದುರುವಷ್ಟು ಕನಿಷ್ಠ ಬಲವೇ ಆ ವ್ಯಕ್ತಿಯ ಮಿತಿ. ಅವನ ಚಿಕಿತ್ಸೆಯ ಬಲವನ್ನು ಅದರ ಶೇಕಡಾವಾರು ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಆಮೇಲೆ ಟೇಪ್ ಹಿಡಿದು ತಲೆಯನ್ನು ಅಳೆದು, ಎಡಹಣೆಯ ಮೇಲ್ಭಾಗದ ಹಿಂದೆ ಇರುವ ಪ್ರಿಫ್ರಂಟಲ್ ಕಾರ್ಟೆಕ್ಸಿನ ಜಾಗವನ್ನು ಗುರುತಿಸುತ್ತಾರೆ. ಖಿನ್ನತೆಯ ಹಳೆಯ ಕ್ರಮದಲ್ಲಿ ಸೆಕೆಂಡಿಗೆ 10 ಮಿಡಿತದಂತೆ 4 ಸೆಕೆಂಡು ಕೊಟ್ಟು 26 ಸೆಕೆಂಡು ಬಿಡುವು, ಹೀಗೆ 37 ನಿಮಿಷಕ್ಕೂ ಹೆಚ್ಚು ಹೊತ್ತು ನಡೆಯುತ್ತದೆ. ಮರಕುಟಿಗ ತಲೆಯ ಮೇಲೆ ಕುಕ್ಕಿದಂತೆ ಎಂದು ರೋಗಿಗಳು ಹೇಳುವುದುಂಟು. ಟಕಟಕ ಸದ್ದು ಜೋರಾಗಿರುವುದರಿಂದ ಕಿವಿಗೆ ಬಿರಡೆ ಇಡಲೇಬೇಕು.

ಚಟಕ್ಕೆ ಇದನ್ನು ಏಕೆ ಬಳಸಿದರು? ಕೊಕೇನ್ ಮತ್ತು ಮೆಥ್ ಸೇವಿಸುವವರ ಮಿದುಳಿನ ಚಿತ್ರಣದಲ್ಲಿ, ಬೇಕೆನಿಸುವಂತೆ ಮಾಡುವ ರಾಸಾಯನಿಕವಾದ ಡೋಪಮಿನ್‌ನ ಡಿ2 ಗ್ರಾಹಕಗಳು ಕಡಿಮೆಯಾಗಿರುವುದನ್ನೂ, ತಡೆದು ಯೋಚಿಸುವ ಮುಂಭಾಗದ ಚಟುವಟಿಕೆ ಅದರ ಜೊತೆಗೆ ತಗ್ಗಿರುವುದನ್ನೂ ಅಮೆರಿಕದ ವಿಜ್ಞಾನಿ ನೋರಾ ವೊಲ್ಕೋವ್ ಅವರ ತಂಡ ಬಹಳ ಹಿಂದೆಯೇ ತೋರಿಸಿತ್ತು. ಮಂದವಾದ ಆ ಭಾಗವನ್ನು ಹೊರಗಿನಿಂದ ಪ್ರಚೋದಿಸಿದರೆ ತಡೆಯುವ ಶಕ್ತಿ ಮರಳಬಹುದು ಎಂಬುದು ಊಹೆ. ಊಹೆ ಯುಕ್ತವಾಗಿದೆ. ಆದರೆ ಅಮೆರಿಕದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟಿಎಂಎಸ್‌ಗೆ 2008ರಲ್ಲಿ ಖಿನ್ನತೆಗೆ, 2018ರಲ್ಲಿ ಒಸಿಡಿ ಎಂಬ ಗೀಳು ರೋಗಕ್ಕೆ, 2020ರಲ್ಲಿ ಧೂಮಪಾನ ಬಿಡಿಸಲು ಅನುಮತಿ ಕೊಟ್ಟಿದೆಯೇ ಹೊರತು ಕೊಕೇನ್‌ಗಾಗಲೀ ಮೆಥ್‌ಗಾಗಲೀ ಕೊಟ್ಟಿಲ್ಲ. ನಿಮ್ಮ ಕ್ಲಿನಿಕ್ಕಿನವರು ಈ ಮಾತನ್ನು ಹೇಳಿದರೇ ಎಂದು ಕೇಳಿನೋಡಿ.

ಲೆಕ್ಕದ ಮೇಷ್ಟ್ರು:

ವೈದ್ಯೆಯವರು ಊಹೆಯನ್ನು ಹೇಳಿದ್ದಾರೆ. ಆ ಊಹೆಯ ಪರೀಕ್ಷೆ ಹೇಗೆ ನಡೆಯಿತೆಂಬುದನ್ನು ನಾನು ಹೇಳುತ್ತೇನೆ. ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ಆದರೆ ಈ ಕಥೆಯಲ್ಲಿ ಔಷಧಶಾಸ್ತ್ರಕ್ಕಿಂತ ಸಂಖ್ಯಾಶಾಸ್ತ್ರವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

2013ರಲ್ಲಿ ನೇಚರ್ ಪತ್ರಿಕೆಯಲ್ಲಿ ನರವಿಜ್ಞಾನಿ ಆಂತೊನೆಲ್ಲೊ ಬೊಂಚಿ ಅವರ ತಂಡದ ಪ್ರಬಂಧ ಪ್ರಕಟವಾಯಿತು. ಸನ್ನೆಯನ್ನು ಒತ್ತಿದರೆ ಕೊಕೇನ್ ಸಿಗುವಂತೆ ಇಲಿಗಳಿಗೆ ಅಭ್ಯಾಸ ಮಾಡಿಸಿ, ಕೊನೆಗೆ ಸನ್ನೆ ಒತ್ತಿದಾಗ ಕಾಲಿಗೆ ಶಾಕ್ ಹೊಡೆಯುವಂತೆಯೂ ಮಾಡಿದರು. ಹೆಚ್ಚಿನ ಇಲಿಗಳು ಹಿಂದೆ ಸರಿದವು. ಕೆಲವು ಶಾಕ್ ತಿನ್ನುತ್ತಲೇ ಒತ್ತುತ್ತಿದ್ದವು. ಹಾಗೆ ಒತ್ತುತ್ತಿದ್ದವುಗಳ ಮಿದುಳಿನ ಮುಂಭಾಗದಲ್ಲಿರುವ ಪ್ರಿಲಿಂಬಿಕ್ ಕಾರ್ಟೆಕ್ಸಿನ ನರಕೋಶಗಳು ಮಂದವಾಗಿದ್ದವು. ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಆ ಕೋಶಗಳನ್ನು ಬೆಳಕು ಹಾಯಿಸಿ ಚುರುಕುಗೊಳಿಸಿದಾಗ ಇಲಿಗಳು ಕೊಕೇನ್ ಅರಸುವುದು ಕಡಿಮೆಯಾಯಿತು. ನಿಜಕ್ಕೂ ಸೊಗಸಾದ ಪ್ರಯೋಗ.

ಇಟಲಿಯ ಪಾದುವಾ ನಗರದಲ್ಲಿ ವ್ಯಸನಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಲುಯಿಜಿ ಗಲ್ಲಿಂಬೆರ್ತಿ ಈ ಸುದ್ದಿ ಓದಿ ಬೊಂಚಿಯವರನ್ನು ಸಂಪರ್ಕಿಸಿದರು. ಮನುಷ್ಯರ ಮಿದುಳಿಗೆ ಬೆಳಕು ಹಾಯಿಸುವಂತಿಲ್ಲವಾದ್ದರಿಂದ ಟಿಎಂಎಸ್ ಬಳಸಿದರು. 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 32 ಮಂದಿ ಕೊಕೇನ್ ವ್ಯಸನಿಗಳಿದ್ದರು. ಅರ್ಧದಷ್ಟು ಜನರಿಗೆ ಎಡ ಪ್ರಿಫ್ರಂಟಲ್ ಭಾಗಕ್ಕೆ ಸೆಕೆಂಡಿಗೆ 15 ಮಿಡಿತದಂತೆ ಪ್ರಚೋದನೆ, ಉಳಿದರ್ಧಕ್ಕೆ ಲಕ್ಷಣಗಳಿಗೆ ತಕ್ಕ ಮಾತ್ರೆ. ಪ್ರಚೋದನೆ ಪಡೆದವರ ಮೂತ್ರಪರೀಕ್ಷೆಗಳಲ್ಲಿ ಕೊಕೇನ್ ಇಲ್ಲದ ಫಲಿತಾಂಶಗಳು ಹೆಚ್ಚಾಗಿದ್ದವು, ತುಡಿತವೂ ತಗ್ಗಿತ್ತು. ಜಗತ್ತಿನ ದೊಡ್ಡ ಪತ್ರಿಕೆಗಳು ಇದನ್ನು ಬರೆದವು. ಇಂದು ಕ್ಲಿನಿಕ್ಕುಗಳ ಜಾಹೀರಾತಿನಲ್ಲಿ ಕಾಣುವ ಭರವಸೆಯ ಬೇರನ್ನು ಹುಡುಕಿದರೆ ಬಹುಮಟ್ಟಿಗೆ ಪಾದುವಾಕ್ಕೇ ಹೋಗಿ ಮುಟ್ಟುತ್ತದೆ.

ಆ ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊಸ ಯಂತ್ರದ ಕುರ್ಚಿಯಲ್ಲಿ ಕುಳಿತವನಿಗೂ ಅದೇ ಹಳೆಯ ಮಾತ್ರೆ ಪಡೆದವನಿಗೂ ನಿರೀಕ್ಷೆ ಒಂದೇ ಆಗಿರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಮನುಷ್ಯ ಚಿಕಿತ್ಸೆಗೆ ಬರುವುದು ಸಾಮಾನ್ಯವಾಗಿ ಅವನ ಅತ್ಯಂತ ಕೆಟ್ಟ ದಿನಗಳಲ್ಲಿ, ಅಲ್ಲಿಂದ ಏನೂ ಮಾಡದಿದ್ದರೂ ಕೆಲವರು ಕೆಲಕಾಲ ಮೇಲೇರುತ್ತಾರೆ. ಇವೆರಡನ್ನೂ ಕಳೆಯಬೇಕಾದರೆ ಹುಸಿ ಸುರುಳಿ ಬೇಕು. ಅಂದರೆ ಅದೇ ಕುರ್ಚಿ, ಅದೇ ಟಕಟಕ ಸದ್ದು, ಅಷ್ಟೇ ದಿನದ ಓಡಾಟ. ಕಾಂತಕ್ಷೇತ್ರ ಮಾತ್ರ ಮಿದುಳಿಗೆ ತಲುಪುವುದಿಲ್ಲ.

ಇಟಲಿಯಲ್ಲೇ ಅಂಥ ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದರು. ಅದೇ ಎಡಭಾಗ, ಅದೇ 15 ಮಿಡಿತ. ನಿಜ ಪ್ರಚೋದನೆ ಪಡೆದವರಿಗೂ ಹುಸಿ ಪ್ರಚೋದನೆ ಪಡೆದವರಿಗೂ ಕೊಕೇನ್ ಸೇವನೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಬಂದ ಇನ್ನೊಂದು ಇಟಾಲಿಯನ್ ಪ್ರಯೋಗದಲ್ಲೂ ಎರಡೂ ಗುಂಪಿನವರು ಸುಧಾರಿಸಿದರು, ನಿಜದ ಗುಂಪು ಹುಸಿಯ ಗುಂಪನ್ನು ಮೀರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈ ಎರಡನೇ ಸುದ್ದಿ ಎಂದೂ ತಲುಪುವುದಿಲ್ಲ. ಪತ್ರಿಕೆಗಳು ಅದನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದೂ ಇಲ್ಲ.

ಹೊಳೆದಂಡೆ:

ಇಬ್ಬರಿಗೂ ಕೃತಜ್ಞತೆ. ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಕೊಕೇನ್ ಬಗ್ಗೆ. ಕ್ಲಿನಿಕ್ಕಿನವರು ಕೊಟ್ಟ ಕರಪತ್ರದಲ್ಲಿ ಚೀನಾದಲ್ಲಿ ಮೆಥ್ ವ್ಯಸನಿಗಳ ಮೇಲೆ ಯಶಸ್ವಿಯಾಗಿದೆ ಎಂದು ಬರೆದಿದೆ. ಅದು ಸುಳ್ಳೇ?

ಬಯಲುಸೀಮೆ:

ಸುಳ್ಳಲ್ಲ. ನಾನು ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಮೇಷ್ಟ್ರಷ್ಟು ನಿರಾಶನಲ್ಲ.

ಚೀನಾದ ಕೆಲಸ ಗಟ್ಟಿಯಾದದ್ದು. 2018ರಲ್ಲಿ ಜಾಮಾ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಮೆಥ್ ಬಿಟ್ಟ ಆರಂಭದ ದಿನಗಳಲ್ಲಿದ್ದ ಪುರುಷರಿಗೆ ಸೆಕೆಂಡಿಗೆ 10 ಮಿಡಿತದ ಟಿಎಂಎಸ್ ಕೊಟ್ಟಾಗ ಹುಸಿ ಚಿಕಿತ್ಸೆಯವರಿಗಿಂತ ನಿದ್ದೆ, ಮನಸ್ಸಿನ ಕುಗ್ಗುವಿಕೆ, ಆತಂಕ ಎಲ್ಲವೂ ಹೆಚ್ಚು ಸುಧಾರಿಸಿದವು. 2020ರ ಇನ್ನೊಂದು ಪ್ರಯೋಗದಲ್ಲಿ 126 ಜನರಿಗೆ ತೀಟಾ ಬರ್ಸ್ಟ್ ಎಂಬ ವೇಗದ ಕ್ರಮವನ್ನು ಬಳಸಿದರು. ಮೂರು ಮೂರು ಮಿಡಿತಗಳ ಗೊಂಚಲುಗಳನ್ನು ಸೆಕೆಂಡಿಗೆ ಐದು ಬಾರಿ ಕೊಡುವ ಈ ಕ್ರಮ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮೆಥ್‌ಗೆ ಸಂಬಂಧಿಸಿದ ದೃಶ್ಯಗಳನ್ನು ತೋರಿಸಿದಾಗ ಏಳುವ ತುಡಿತ ಅವರಲ್ಲಿ ತಗ್ಗಿತು.

ಕೊಕೇನ್‌ನಲ್ಲೂ ಇಟಲಿಯದೇ ಕೊನೆಯ ಮಾತಲ್ಲ. ಮೆಕ್ಸಿಕೋದಲ್ಲಿ ಗಾರ್ಸಾ-ವಿಯಾರ್ರಿಯಾಲ್ ತಂಡ 44 ಜನರ ಮೇಲೆ ಸೆಕೆಂಡಿಗೆ 5 ಮಿಡಿತದ ಕ್ರಮವನ್ನು ಹುಸಿಯೊಂದಿಗೆ ಹೋಲಿಸಿ, ಎರಡು ವಾರದಲ್ಲೇ ತುಡಿತವೂ ದುಡುಕುತನವೂ ಕಡಿಮೆಯಾದದ್ದನ್ನು 2021ರಲ್ಲಿ ವರದಿ ಮಾಡಿತು. ಅಮೆರಿಕದ ಸಂಶೋಧಕಿ ಕಾಲೀನ್ ಹ್ಯಾನ್ಲನ್ ಅವರು ಇದಕ್ಕೆ ತೀರ ಭಿನ್ನವಾದ ದಾರಿ ಹಿಡಿದು, ಹಣೆಯ ಮಧ್ಯದ ಹಿಂದಿರುವ, ತುಡಿತದ ಹೊತ್ತಿನಲ್ಲಿ ಅತಿಯಾಗಿ ಚಟುವಟಿಕೆಗೊಳ್ಳುವ ಭಾಗವನ್ನು ಚುರುಕುಗೊಳಿಸುವ ಬದಲು ಮಂದಗೊಳಿಸಲು ಯತ್ನಿಸಿದ್ದಾರೆ. ಯಾವ ಜಾಗ, ಎಷ್ಟು ಮಿಡಿತ, ಎಷ್ಟು ದಿನ ಎಂಬುದು ಇತ್ಯರ್ಥವಾಗದ ಕಾಲದಲ್ಲಿ ಒಂದು ಕ್ರಮ ಸೋತರೆ ಇಡೀ ವಿಧಾನವೇ ಸೋತಿತೆನ್ನುವುದು ಆತುರ. 2007ರಲ್ಲಿ ಅಯೋವಾದ ಸಂಶೋಧಕರು, ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾದ ಧೂಮಪಾನಿಗಳಲ್ಲಿ ಹಲವರು ಯಾವ ಹೋರಾಟವೂ ಇಲ್ಲದೆ ಸಿಗರೇಟನ್ನು ಮರೆತೇಬಿಟ್ಟದ್ದನ್ನು ತೋರಿಸಿದ್ದರು. ಚಟ ಮಿದುಳಿನ ಒಂದು ಜಾಲದಲ್ಲಿದೆ, ಆ ಜಾಲವನ್ನು ಮುಟ್ಟಲು ಸಾಧ್ಯ ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕೇ?

ನಮ್ಮ ದೇಶದಲ್ಲೂ ಈ ಕೆಲಸ ಹೊಸದಲ್ಲ. ರಾಂಚಿಯ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯಲ್ಲಿ 45 ಮಂದಿ ಮದ್ಯವ್ಯಸನಿಗಳ ಮೇಲೆ ಹುಸಿಯೊಂದಿಗೆ ಹೋಲಿಸಿ ನಡೆಸಿದ ಪ್ರಯೋಗ 2010ರಲ್ಲೇ ಪ್ರಕಟವಾಗಿದೆ. ಅದರಲ್ಲಿ ಬಲಭಾಗಕ್ಕೆ ಕೊಟ್ಟ ಪ್ರಚೋದನೆಯಿಂದ ಕುಡಿಯುವ ತುಡಿತ ಇಳಿದಿತ್ತು.

ಲೆಕ್ಕದ ಮೇಷ್ಟ್ರು:

ಬಯಲುಸೀಮೆಯವರೇ, ನೀವು ಹೇಳಿದ ಯಾವ ಪ್ರಯೋಗವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಬರಹದಲ್ಲಿ ಎಷ್ಟು ಕಡೆ "ತುಡಿತ" ಎಂಬುದು ಬಂದಿದೆ, "ಸೇವನೆ" ಎಂಬುದು ಎಷ್ಟು ಕಡೆ ಬಂದಿದೆ ಎಂದು ಒಮ್ಮೆ ನೋಡಿ.

ತುಡಿತವನ್ನು ಅಳೆಯುವುದು ಹೇಗೆ? ಕಾಗದದ ಮೇಲೆ ಒಂದು ಗೆರೆ. ಒಂದು ತುದಿಯಲ್ಲಿ ಸೊನ್ನೆ, ಇನ್ನೊಂದು ತುದಿಯಲ್ಲಿ ನೂರು. ಈಗ ಎಷ್ಟು ಬೇಕೆನಿಸುತ್ತಿದೆ, ಗುರುತು ಹಾಕಿ ಎನ್ನುತ್ತಾರೆ. ಚೀನಾದ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಬಾಗಿಲು ಹಾಕಿದ ಪುನರ್ವಸತಿ ಕೇಂದ್ರಗಳಲ್ಲಿ. ಎಷ್ಟೋ ಜನ ಕಾನೂನಿನ ಆದೇಶದ ಮೇಲೆ ಅಲ್ಲಿದ್ದವರು. ಅಲ್ಲಿ ಮೆಥ್ ಸಿಗುವುದೇ ಇಲ್ಲ. ಆದ್ದರಿಂದ ಸೇವನೆ ನಿಂತಿತೇ ಎಂಬ ಪ್ರಶ್ನೆಯನ್ನು ಕೇಳುವುದಕ್ಕೇ ಅಲ್ಲಿ ಅವಕಾಶವಿಲ್ಲ. ಗೆರೆಯ ಮೇಲಿನ ಗುರುತು ಎಪ್ಪತ್ತರಿಂದ ಮೂವತ್ತಕ್ಕೆ ಇಳಿದವನು ಹೊರಗೆ ಬಂದ ರಾತ್ರಿ, ಹಳೆಯ ಸ್ನೇಹಿತನ ಫೋನ್ ಬಂದಾಗ ಏನು ಮಾಡುತ್ತಾನೆ ಎಂಬುದೇ ಹೊಳೆದಂಡೆಯವರ ಅಕ್ಕನಿಗೆ ಬೇಕಾದ ಉತ್ತರ. ಬಾಗಿಲು ಹಾಕಿದ ಕೇಂದ್ರದಲ್ಲಿರುವವನು ಪ್ರಯೋಗಕ್ಕೆ ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಧೂಮಪಾನದ ಪ್ರಯೋಗವನ್ನು ನೋಡಿದರೆ ಸರಿಯಾದ ಅಳತೆ ಹೇಗಿರಬೇಕೆಂಬುದು ತಿಳಿಯುತ್ತದೆ. 14 ಕೇಂದ್ರಗಳಲ್ಲಿ 262 ಧೂಮಪಾನಿಗಳು, ಆಳಕ್ಕೆ ಮುಟ್ಟುವ ವಿಶೇಷ ಸುರುಳಿ, ಹುಸಿ ಸುರುಳಿಯ ಹೋಲಿಕೆ. 18ನೇ ವಾರದವರೆಗಿನ ಲೆಕ್ಕದಲ್ಲಿ ಸತತವಾಗಿ ಬಿಟ್ಟಿದ್ದವರು ನಿಜದ ಗುಂಪಿನಲ್ಲಿ ಶೇ 19.4, ಹುಸಿಯ ಗುಂಪಿನಲ್ಲಿ ಶೇ 8.7. ಎಫ್‌ಡಿಎ ಅನುಮತಿ ಕೊಟ್ಟದ್ದು ಬಿಟ್ಟವರ ಈ ಎಣಿಕೆಯ ಮೇಲೆ, ಗೆರೆಯ ಮೇಲಿನ ಗುರುತನ್ನು ನೋಡಿ ಅಲ್ಲ. ಆ ಯಶಸ್ಸಿನಲ್ಲೂ ಐವರಲ್ಲಿ ನಾಲ್ವರು ಬಿಡಲಾಗಲಿಲ್ಲ ಎಂಬುದನ್ನು ಗಮನಿಸಿ. ಮೆಥ್‌ಗೆ ಇಷ್ಟು ದೊಡ್ಡದಾದ, ಊರಿನಲ್ಲೇ ಇದ್ದುಕೊಂಡು ಚಿಕಿತ್ಸೆ ಪಡೆಯುವವರ ಸೇವನೆಯನ್ನು ಅಳೆದ ಅಂಥ ಪುರಾವೆಯನ್ನು ಕ್ಲಿನಿಕ್ಕಿನವರು ತೋರಿಸಲಿ, ಆಮೇಲೆ ಒಡವೆಯ ಮಾತು.

ಬಯಲುಸೀಮೆ:

ಒಪ್ಪುತ್ತೇನೆ. ತುಡಿತ ಮತ್ತು ಸೇವನೆ ಜೊತೆಜೊತೆಯಾಗಿಯೇ ಇಳಿಯುತ್ತವೆ ಎಂದು ನಾನೂ ಹೇಳಲಾರೆ. ಆದರೆ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆಯೂ ಮನಸ್ಸೂ ಸುಧಾರಿಸುವುದು ತಾನೇ ಒಂದು ಲಾಭ. ಅನೇಕರು ಮರಳಿ ಜಾರುವುದು ಆ ಹೊತ್ತಿನಲ್ಲೇ.

ಹಳೆಯ ಹಾದಿ:

ನಾನು ಕೊಕೇನ್ ಬಿಟ್ಟು ಈಗ ಕೆಲವು ವರ್ಷಗಳಾಗಿವೆ. ದುಬೈನಲ್ಲಿ ಕೆಲಸದಲ್ಲಿದ್ದಾಗ ಹತ್ತಿದ ಚಟ. ಊರಿಗೆ ಮರಳಿದ ಮೇಲೆ ಚಿಕಿತ್ಸೆ ಪಡೆದೆ. ನನಗೂ ಟಿಎಂಎಸ್ ಮಾಡಿದ್ದರು, ಆದ್ದರಿಂದ ಅನುಭವದ ಎರಡು ಮಾತು.

ಅದು ನೋಯುವುದಿಲ್ಲ ಎಂದು ಹೇಳುವವರು ಸುರುಳಿಯನ್ನು ತಮ್ಮ ಹಣೆಗೆ ಇಟ್ಟು ನೋಡಿಲ್ಲ. ಹುಬ್ಬಿನ ಮೇಲೆ ಚುಚ್ಚಿದಂತಾಗಿ, ಮೊದಲ ವಾರ ಕಣ್ಣಿನ ರೆಪ್ಪೆ ಪ್ರತಿ ಮಿಡಿತಕ್ಕೂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಸಂಜೆಗೆ ತಲೆನೋವು ಬರುತ್ತಿತ್ತು, ಸಾಧಾರಣ ಮಾತ್ರೆಗೆ ಇಳಿಯುತ್ತಿತ್ತು. ಎರಡನೇ ವಾರದ ಹೊತ್ತಿಗೆ ಅಭ್ಯಾಸವಾಯಿತು. ತುಡಿತ ಕಡಿಮೆಯಾಯಿತೇ ಎಂದರೆ, ಆಯಿತು. ಅದು ಕಾಂತದಿಂದಲೋ, ದಿನವೂ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಒಂದು ಕಡೆಗೆ ಹೋಗಬೇಕು ಎಂಬ ಶಿಸ್ತಿನಿಂದಲೋ, ಅಲ್ಲಿ ನನ್ನ ಹೆಸರು ಹಿಡಿದು ಮಾತನಾಡಿಸುತ್ತಿದ್ದ ತಂತ್ರಜ್ಞೆಯಿಂದಲೋ ಎಂದು ವಿಂಗಡಿಸಲು ನನ್ನಿಂದಾಗದು. ಮೇಷ್ಟ್ರು ಹುಸಿ ಸುರುಳಿಯ ಬಗ್ಗೆ ಬರೆದದ್ದನ್ನು ಓದಿದಾಗ ಅದೇ ನೆನಪಾಯಿತು.

ಪ್ಯಾಕೇಜ್ ಮುಗಿದ ದಿನ ಆ ಕೇಂದ್ರದವರು ಕೈಕುಲುಕಿ ಕಳುಹಿಸಿದರು. ಮುಂದಿನ ಭೇಟಿ ಇಲ್ಲ, ಆಪ್ತಸಮಾಲೋಚಕರ ಹೆಸರಿಲ್ಲ, ಮನೆಯವರೊಡನೆ ಒಂದು ಮಾತುಕತೆಯೂ ಇಲ್ಲ. ಆಮೇಲೆ ನಾನು ಜಾರಿದಾಗ ಫೋನ್ ಮಾಡಿದರೆ ಇನ್ನೊಂದು ಸುತ್ತಿನ ದರ ಹೇಳಿದರು. ಕೊನೆಗೆ ನನ್ನನ್ನು ನಿಲ್ಲಿಸಿದ್ದು ಸರ್ಕಾರಿ ಆಸ್ಪತ್ರೆಯ ವ್ಯಸನ ವಿಭಾಗದ ಆಪ್ತಸಮಾಲೋಚಕರು, ಸಂಬಳವನ್ನು ಹೆಂಡತಿಯ ಖಾತೆಗೆ ಹಾಕಿಸಿದ್ದು, ಹಳೆಯ ಸಂಖ್ಯೆಗಳನ್ನೆಲ್ಲ ಅಳಿಸಿದ್ದು. ಹೊಳೆದಂಡೆಯವರೇ, ಯಂತ್ರ ಬೇಡ ಎನ್ನುವುದಿಲ್ಲ. ಯಂತ್ರ ನಿಂತ ಮರುದಿನ ಅವನು ಯಾರನ್ನು ನೋಡಬೇಕು ಎಂದು ಮೊದಲು ಕೇಳಿ.

ಓಹಾಯೋ ಕನ್ನಡತಿ:

ನಾನು ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ನರ್ಸ್. ಇಷ್ಟೆಲ್ಲ ಚರ್ಚೆಯಲ್ಲಿ ಇನ್ನೂ ಯಾರೂ ಹೆಸರಿಸದ ಒಂದು ಚಿಕಿತ್ಸೆ ಇದೆ. ಕೊಕೇನ್, ಮೆಥ್‌ನಂಥ ಉತ್ತೇಜಕ ಮಾದಕ ವಸ್ತುಗಳ ಚಟಕ್ಕೆ ಇಂದಿಗೆ ಅತ್ಯಂತ ಹೆಚ್ಚು ಪುರಾವೆ ಇರುವುದು ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಎಂಬ ಬಹುಮಾನದ ಪದ್ಧತಿಗೆ. ಅದರಲ್ಲಿ ಯಾವ ಯಂತ್ರವೂ ಇಲ್ಲದ ಕಾರಣಕ್ಕೋ ಏನೋ, ಅದರ ಸುದ್ದಿ ಯಾರೂ ಎತ್ತುವುದಿಲ್ಲ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸಂಶೋಧಕ ಸ್ಟೀಫನ್ ಹಿಗ್ಗಿನ್ಸ್ 1990ರ ದಶಕದ ಆರಂಭದಲ್ಲಿ ಕೊಕೇನ್ ವ್ಯಸನಿಗಳಿಗೆ ಇದನ್ನು ಆರಂಭಿಸಿದರು. ಮೂತ್ರಪರೀಕ್ಷೆ ಶುದ್ಧವಾಗಿದ್ದರೆ ಸಾಮಾನು ಕೊಳ್ಳುವ ವೋಚರ್ ಕೊಡುತ್ತಿದ್ದರು. ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಪೆಟ್ರಿ ಅದನ್ನು ಇನ್ನೂ ಅಗ್ಗವಾಗಿಸಿದರು. ಅವರ ಕ್ರಮವೇ ನಮ್ಮಲ್ಲಿ ಇದೆ, 2011ರಿಂದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹಬ್ಬಿದೆ. ರೋಗಿ ವಾರಕ್ಕೆ ಎರಡು ಬಾರಿಯಂತೆ 12 ವಾರ ಬರುತ್ತಾನೆ. ಮಾದರಿಯ ಪುಟ್ಟ ಡಬ್ಬಿಯ ಮೇಲೆ ಅಂಟಿಸಿದ ಪಟ್ಟಿ ಉಷ್ಣತೆಯನ್ನು ತೋರಿಸುತ್ತದೆ. ಮನೆಯಿಂದ ಬೇರೆಯವರದನ್ನು ತಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಲವೇ ನಿಮಿಷದಲ್ಲಿ ಫಲಿತಾಂಶ. ಶುದ್ಧವಾಗಿದ್ದರೆ ಗಾಜಿನ ಬೋಗುಣಿಯೊಳಗೆ ಕೈಹಾಕಿ ಚೀಟಿ ಎತ್ತಬಹುದು. ಅದರಲ್ಲಿರುವ 500 ಚೀಟಿಗಳ ಪೈಕಿ ಅರ್ಧದಲ್ಲಿ "ಭೇಷ್" ಎಂಬಂಥ ಪ್ರಶಂಸೆ ಮಾತ್ರ, ಉಳಿದವುಗಳಲ್ಲಿ ಹೆಚ್ಚಿನವು ಸಣ್ಣ ಮೊತ್ತದ ಕೂಪನ್, ಒಂದರಲ್ಲಿ ಮಾತ್ರ ನೂರು ಡಾಲರ್ ಬಹುಮಾನ. ಸತತವಾಗಿ ಶುದ್ಧವಾಗಿದ್ದಷ್ಟೂ ಎತ್ತುವ ಚೀಟಿಗಳ ಸಂಖ್ಯೆ ಏರುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಒಂದರಿಂದ ಆರಂಭ. ಅರವತ್ತು ದಾಟಿದ ಮಾಜಿ ಸೈನಿಕರು ಮಕ್ಕಳಂತೆ ತೋಳು ಮಡಿಸಿ ಬೋಗುಣಿಯ ತಳಕ್ಕೆ ಕೈಹಾಕಿ ಹುಡುಕುವುದನ್ನು ನಾನು ನಿತ್ಯ ನೋಡುತ್ತೇನೆ.

ಚಟ ಬಿಡಲು ದುಡ್ಡು ಕೊಡಬೇಕೇ ಎಂದು ಇಲ್ಲಿಯೂ ಜನ ಆಡಿಕೊಳ್ಳುತ್ತಾರೆ. ಆದರೆ ಡೋಪಮಿನ್ ಬತ್ತಿದ ಮಿದುಳಿಗೆ ಮುಂದಿನ ವರ್ಷದ ಆರೋಗ್ಯ ಕಾಣುವುದಿಲ್ಲ, ಇಂದಿನ ಕೂಪನ್ ಕಾಣುತ್ತದೆ.

ಔಷಧಿಯ ವಿಷಯವನ್ನೂ ಸೇರಿಸುತ್ತೇನೆ. ಅಫೀಮಿನ ಬಗೆಯ ಚಟಕ್ಕೆ ಮೆಥಡೋನ್, ಬುಪ್ರೆನಾರ್ಫಿನ್ ಇರುವಂತೆ ಮೆಥ್‌ಗೆ ಎಫ್‌ಡಿಎ ಒಪ್ಪಿದ ಔಷಧಿ ಯಾವುದೂ ಇಲ್ಲ. 2021ರಲ್ಲಿ 403 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಮತ್ತು ಬುಪ್ರೋಪಿಯಾನ್ ಮಾತ್ರೆ ಎರಡನ್ನೂ ಕೊಟ್ಟಾಗ ಶೇ 13.6 ಜನರಿಗೆ ಪ್ರಯೋಜನವಾಯಿತು, ಹುಸಿ ಔಷಧಿಯವರಲ್ಲಿ ಶೇ 2.5. ಅದೂ ದೊಡ್ಡ ಸಂಖ್ಯೆಯಲ್ಲ. ಔಷಧಿಯ ಕಪಾಟು ಇಷ್ಟು ಖಾಲಿಯಿರುವುದರಿಂದಲೇ ಟಿಎಂಎಸ್‌ನ ಮೇಲೆ ಇಷ್ಟು ಆಸೆ.

ತಂತಿ ತರಂಗ:

ನಾನು ವೈದ್ಯಕೀಯ ಉಪಕರಣಗಳ ಇಂಜಿನಿಯರ್. ಹೊಳೆದಂಡೆಯವರ ಮನೆಯಲ್ಲಿ ಟಿಎಂಎಸ್ ದುಬಾರಿಯೆಂದು ಯಾರಾದರೂ ಆನ್‌ಲೈನ್‌ನಲ್ಲಿ ಸಿಗುವ ಟಿಡಿಸಿಎಸ್ ಪೆಟ್ಟಿಗೆಯತ್ತ ಕಣ್ಣು ಹಾಕುವ ಮುಂಚೆ ಇದನ್ನು ಹೇಳಿಬಿಡುತ್ತೇನೆ.

ಟಿಡಿಸಿಎಸ್ ಬೇರೆಯೇ ವಿಧಾನ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಒಂದೆರಡು ಮಿಲಿಆಂಪಿಯರ್‌ನಷ್ಟು ಒಂದೇ ದಿಕ್ಕಿನ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಅದರ ಹೆಚ್ಚಿನ ಪಾಲು ಚರ್ಮದಲ್ಲೇ ಹರಿದುಹೋಗುತ್ತದೆ. ಮಿದುಳಿಗೆ ತಲುಪುವ ಅಲ್ಪ ಭಾಗ ನರಕೋಶವನ್ನು ಟಿಎಂಎಸ್‌ನಂತೆ ಮಿಡಿಯುವಂತೆ ಮಾಡುವುದಿಲ್ಲ, ಅದು ಮಿಡಿಯುವ ಸಾಧ್ಯತೆಯನ್ನು ಕೊಂಚ ಏರಿಸುತ್ತದೆ ಅಥವಾ ಇಳಿಸುತ್ತದೆ. ಬ್ರೆಜಿಲ್‌ನಲ್ಲಿ ಕ್ರ್ಯಾಕ್ ಕೊಕೇನ್‌ಗೂ ಇರಾನ್‌ನಲ್ಲಿ ಮೆಥ್‌ಗೂ ಇದರ ಪ್ರಯೋಗಗಳು ನಡೆದಿವೆ, ಇವುಗಳಲ್ಲೂ ಮುಖ್ಯವಾಗಿ ತುಡಿತದ ಅಳತೆಯೇ. ಅವೆಲ್ಲ ತಜ್ಞರ ಮೇಲ್ವಿಚಾರಣೆಯಲ್ಲಿ ನಡೆದವು. ಮನೆಯಲ್ಲಿ ಸ್ಪಂಜು ಒಣಗಿದರೆ ಅದರ ಅಂಚಿನಲ್ಲಿ ಚರ್ಮ ಸುಡುತ್ತದೆ, ಧನ ಮತ್ತು ಋಣ ಧ್ರುವಗಳನ್ನು ಅದಲುಬದಲು ಮಾಡಿದರೆ ಪರಿಣಾಮವೂ ಬದಲಾಗಬಹುದು. ನಿದ್ದೆಗೆಟ್ಟ ಮೆಥ್ ವ್ಯಸನಿಯ ಕೈಗೆ ಅಂಥ ಪೆಟ್ಟಿಗೆಯನ್ನು ಕೊಡುವುದು ಖಂಡಿತ ಬೇಡ.

ವಕೀಲರ ಮನೆ:

ಚಿಕಿತ್ಸೆಯ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ, ಕಾನೂನಿನ ಒಂದು ಅಂಶವಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ವಿನಾಯಿತಿ ಹಿಂಪಡೆಯಬಹುದು. ಆ ಚಿಕಿತ್ಸೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯಲ್ಲಿ, ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆಗಿರಬೇಕು. ಯಂತ್ರ ಇಟ್ಟುಕೊಂಡಿರುವ ಎಲ್ಲ ಕ್ಲಿನಿಕ್ಕೂ ಇದರೊಳಗೆ ಬರುವುದಿಲ್ಲ. ಗೋಪ್ಯತೆಯ ಭಯದಿಂದ ದೊಡ್ಡ ಆಸ್ಪತ್ರೆಗೆ ಹೋಗಲು ಅಂಜುವುದಾದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಅವನ ಹಕ್ಕೆಂದೇ ಹೇಳಿದೆ, ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಯಲ್ಲಿವೆ.

ಹೊಳೆದಂಡೆ:

ಇಲ್ಲಿಯ ಬರಹಗಳನ್ನೆಲ್ಲ ಅಕ್ಕನಿಗೂ ಭಾವನವರಿಗೂ ಓದಿ ಹೇಳಿದೆ. ಒಡವೆ ಅಡವಿಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ತೋರಿಸಲು ಹುಡುಗ ಒಪ್ಪಿದ್ದಾನೆ; ಅಲ್ಲಿಯವರೇ ಟಿಎಂಎಸ್ ಉಪಯುಕ್ತ ಎಂದರೆ ಮಾಡಿಸುವುದು ಎಂಬ ತೀರ್ಮಾನವಾಗಿದೆ. ವೈದ್ಯೆಯವರಲ್ಲಿ ಕೊನೆಯ ಪ್ರಶ್ನೆ: ಅವನು ಕಾಲೇಜಿನಲ್ಲಿದ್ದಾಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಒಂದು ದಿನ ಆಸ್ಪತ್ರೆಯಲ್ಲಿದ್ದ. ಖಾಸಗಿ ಕ್ಲಿನಿಕ್ಕಿನಲ್ಲಿ ಇದನ್ನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಇದು ಮುಖ್ಯವೇ?

ಕರಾವಳಿ ವೈದ್ಯೆ:

ಬಹಳ ಮುಖ್ಯ. ಟಿಎಂಎಸ್‌ನ ಗಂಭೀರ ಅಪಾಯವೆಂದರೆ ಮೂರ್ಛೆ. ಸರಿಯಾಗಿ ಆಯ್ದ ರೋಗಿಗಳಲ್ಲಿ ಅದು ಅಪರೂಪ, ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ ಎನ್ನಬಹುದು. ಆದರೆ ತಲೆಯ ಹಳೆಯ ಪೆಟ್ಟು, ಹಿಂದೆ ಬಂದ ಫಿಟ್ಸ್, ನಿದ್ದೆಗೇಡು, ಮದ್ಯವನ್ನು ಹಠಾತ್ತನೆ ಬಿಟ್ಟಿರುವುದು, ಮೆಥ್ ಮತ್ತು ಕೊಕೇನ್‌ನ ಸೇವನೆ, ಇವೆಲ್ಲ ಆ ಸಂಭವವನ್ನು ಏರಿಸುತ್ತವೆ. ನಿಮ್ಮ ಹುಡುಗನಲ್ಲಿ ಇವುಗಳಲ್ಲಿ ಮೂರಾದರೂ ಇವೆ. ಓಹಾಯೋ ಕನ್ನಡತಿಯವರು ಹೇಳಿದ ಬುಪ್ರೋಪಿಯಾನ್ ಕೂಡ ಮೂರ್ಛೆಯ ಸಂಭವವನ್ನು ಏರಿಸುವ ಔಷಧಿಯೇ, ಆದ್ದರಿಂದ ಅದನ್ನೂ ಟಿಎಂಎಸ್ಸನ್ನೂ ಒಟ್ಟಿಗೆ ಯೋಚಿಸುವ ವೈದ್ಯರು ಎರಡು ಬಾರಿ ಲೆಕ್ಕ ಹಾಕುತ್ತಾರೆ. ಮೂರ್ಛೆಯ ವಿಚಾರ ಕೇಳದೆ ದರಪಟ್ಟಿ ಕೊಟ್ಟ ಕ್ಲಿನಿಕ್ಕಿನ ಬಗ್ಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ.

ಭೇಟಿಗೆ ಹೋಗುವಾಗ ಆ ಅಪಘಾತದ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಮಾಡಿಸಿದ್ದರೆ ಅದರ ವರದಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಕೊಂಡೊಯ್ಯಿರಿ. ಕಿವಿಯೊಳಗೆ ಕಾಕ್ಲಿಯರ್ ಉಪಕರಣ, ತಲೆಯಲ್ಲಿ ಲೋಹದ ಕ್ಲಿಪ್ಪು, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೇಳಬೇಕು. ಹಲ್ಲಿಗೆ ತುಂಬಿಸಿದ ಸಾಧಾರಣ ಬೆಳ್ಳಿಯಿಂದ ತೊಂದರೆಯಿಲ್ಲ. ಕೊನೆಯ ಬಾರಿ ಮೆಥ್ ತೆಗೆದುಕೊಂಡದ್ದು ಯಾವಾಗ ಎಂಬುದನ್ನು ಹುಡುಗ ನಿಮ್ಮೆದುರು ಹೇಳಲು ಮುಜುಗರಪಟ್ಟರೆ ನೀವು ಕೋಣೆಯಿಂದ ಹೊರಗೆ ನಿಲ್ಲಿ, ವೈದ್ಯರಿಗೆ ಅದು ನಿಜವಾಗಿ ಗೊತ್ತಾಗಬೇಕು.

ಮೆಥ್ ಬಿಟ್ಟ ಮೊದಲ ವಾರಗಳಲ್ಲಿ ಮದ್ಯ ಬಿಟ್ಟವರಂತೆ ಕೈನಡುಕ, ಸನ್ನಿ ಬರುವುದಿಲ್ಲ, ಆದರೆ ಮನಸ್ಸು ತೀರಾ ಕುಸಿಯುತ್ತದೆ. ಬದುಕು ಸಾಕು ಎಂಬ ಮಾತು ಬಂದರೆ, ಅಥವಾ ಯಾರೋ ಹಿಂಬಾಲಿಸುತ್ತಿದ್ದಾರೆಂದು ಬಾಗಿಲು ಕಿಟಕಿ ಮುಚ್ಚಿ ಕೂತರೆ, ಭೇಟಿಯ ದಿನಾಂಕಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.